ಕಲ್ಲಪ್ಪನಿಂದಾಚೆ

ಮದುವೆ ಮಾತುಕತೆ ಮುರಿದುಬಿತ್ತೆಂದು ಅಜ್ಜಂಪುರದಿಂದ ಫೋನು ಬಂದಾಗ ತನುಜಾ ತಾರಸಿಯ ಮೇಲೆ, ಒಣಗಲು ಹರಡಿದ್ದ ಕೊಬ್ಬರಿ ಬಟ್ಟಲುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಓಡಾಡುತ್ತಿದ್ದಳು. ಕೂತು ಫೋನಿನಲ್ಲಿ ಮಾತಾಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಕಡೂರಿನ ಖಾಸಗಿ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುವಾಗಲೂ ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಹೋಗಿಬಂದು ಮಾಡುತ್ತಿದ್ದಳು. ಈ ಮಿಸ್ಸು ಒಂದೇ ಪೀರಿಯಡ್ಡಿನಲ್ಲಿ ತಮ್ಮೂರು ಪಂಚನಹಳ್ಳಿಗೆ ನಡೆದು ವಾಪಸು ಬರುತ್ತಾಳೆ ಎಂದು ಹೆಡ್‌ಮಾಸ್ಟರು ನಗುತ್ತಿದ್ದರು.

ಫೋನಿನ ಆಚೆ ತುದಿಯಲ್ಲಿದ್ದವನು ವಿಶ್ವಾರಾಧ್ಯ. ಅಜ್ಜಂಪುರದಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರುಗಳ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಕಸುಬು. ತನುಜಾ ತರೀಕೆರೆಯಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಮೋಟರು ಕೈಕೊಟ್ಟಿತ್ತು. ರಿಪೇರಿಗೆ ಬಂದವನನ್ನು ಇವಳು ಬಾಗಿಲ ಮರೆಯಿಂದ ವಾರ್ಡನ್ನಿನ ದನಿಯಲ್ಲಿ ಗದರಿಸಿದ್ದಳು. ಅವನು ಬೆಚ್ಚಿ ಸ್ಪ್ಯಾನರನ್ನು ಬಾವಿಗೆ ಬೀಳಿಸಿದ್ದ. ಅಲ್ಲಿಂದ ಶುರುವಾದದ್ದು ಎರಡೂ ಮನೆಯವರು ಒಪ್ಪುವ ತನಕ ಬಂದು, ಈಗ ವೀಳ್ಯಶಾಸ್ತ್ರದ ಹೊಸ್ತಿಲಲ್ಲಿ ಎಡವಿತ್ತು.

"ಅಜ್ಜಿ ಒಪ್ಪಲ್ಲ ಅಂತು ಕಣೇ," ಎಂದ ವಿಶ್ವ.

"ಯಾಕಂತೆ? ನನ್ನ ಬಣ್ಣ ಸರಿ ಇಲ್ವಂತಾ, ಬಾಯಿ ಸರಿ ಇಲ್ವಂತಾ?"

"ಬೆಡಗು."

"ಬೆಡಗಿ ಬೇಕು, ಬೆಡಗು ಬ್ಯಾಡ್ವಾ?"

"ತಮಾಷೆ ಬಿಡೇ. ನೀವೂ ಎಳ್ಳಿನೋರು, ನಾವೂ ಎಳ್ಳಿನೋರಂತೆ. ಇವತ್ತು ಯಾರೋ ಪಂಚನಹಳ್ಳಿಯೋರು ಸಂತೇಲಿ ಸಿಕ್ಕಿ ಅಂದ್ರಂತೆ. ಒಂದೇ ಬೆಡಗು ಅಂದ್ಮೇಲೆ ಅಣ್ಣತಂಗೀರಾಗಲ್ವಾ ಅಂತ ಅಜ್ಜಿ ಕೂತ್ಬಿಟ್ಟಿದೆ."

ಬೆಡಗು ಎಂದರೆ ಕುಲದೊಳಗಿನ ಬಳ್ಳಿ. ಅಪ್ಪನಿಂದ ಮಕ್ಕಳಿಗೆ ಹರಿದು ಬರುವಂಥದ್ದು. ಒಂದೇ ಬೆಡಗಿನವರು ಎಷ್ಟು ಗಾವುದ ದೂರದವರಾದರೂ ಒಡಹುಟ್ಟಿದವರ ಲೆಕ್ಕ, ನಡುವೆ ಮದುವೆ ಕೂಡದು. ಮಠದ ಸ್ವಾಮಿಗಳೇ ಈಗ ಅದನ್ನೆಲ್ಲ ನೋಡಬೇಡಿ ಎನ್ನುತ್ತಾರೆ. ಆದರೆ ವಿಶ್ವನ ಅಜ್ಜಿ ಮೀನಾಕ್ಷಮ್ಮ ಸ್ವಾಮಿಗಳಿಗೆ ಅಡ್ಡಬಿದ್ದು ಎದ್ದು, ನೋಡುವುದನ್ನು ನೋಡಿಯೇ ನೋಡುವ ಪೈಕಿ.

"ಅಂದ್ರೆ ನಮ್ಮ ಮದುವೆಗೆ ಎಳ್ಳುನೀರು," ಎಂದಳು ತನುಜಾ. ನಗು ಬರಲಿಲ್ಲ. ಸುಮ್ಮನಿದ್ದರೆ ಅಳು ಬರುತ್ತದೆಂದು ಹೆದರಿ ಮೀನಾಕ್ಷಮ್ಮನ ಒಡಕು ದನಿ ತೆಗೆದಳು: "ಏನೋ ವಿಶ್ವಾ, ಎಳ್ಳಿಗೆ ಎಳ್ಳು ಸೇರ್ಸಿ ಗಾಣ ಹಾಕ್ತೀಯೇನೋ?" ಆ ಕಡೆ ವಿಶ್ವ ಕಿಸಕ್ಕೆಂದ. ಅಷ್ಟಕ್ಕೇ ಹುಮ್ಮಸ್ಸು ಬಂದು, ಚಿಕ್ಕಂದಿನಿಂದ ಮಾಡಿಕೊಂಡು ಬಂದಿದ್ದ ಹೆಳವನ ಪಾತ್ರಕ್ಕೆ ಇಳಿದಳು. ಹೆಳವರೆಂದರೆ ಮನೆಮನೆಗೆ ಬಂದು ವಂಶಾವಳಿ ಹಾಡಿ ಹೇಳಿ, ದವಸ ಪಡೆದು ಹೋಗುವವರು. ಇವರ ಮನೆಯ ಹೆಳವ ಹನುಮಂತಪ್ಪ. ಕೊರೋನಾ ಬಂದಾಗಿನಿಂದ ಅವನು ಈ ಕಡೆ ತಲೆ ಹಾಕಿರಲಿಲ್ಲ. ಅವನ ದನಿ ಮಾತ್ರ ಇವಳ ಗಂಟಲಲ್ಲಿ ಬಿಡಾರ ಹೂಡಿತ್ತು.

"ಕೇಳಪ್ಪಾ ಕೇಳು, ಎಳ್ಳಿನ ಹಿರೇಮನೆ ಜಗಲಿಯ ಧಣೀ ಕೇಳು! ಸೋಮಶೇಖರಪ್ಪನ ಹೆತ್ತೋನು ಬಸವಯ್ಯ, ನಡೆಸ್ಲಾ ಸಾಕಾ?" ಇಲ್ಲಿ ತಟ್ಟನೆ ತನ್ನ ತಂದೆಯ ಗಡಸು ದನಿ: "ನಡೆಸು." ಮತ್ತೆ ಹೆಳವ: "ಬಸವಯ್ಯನ ಹೆತ್ತೋನು ಕಲ್ಲಪ್ಪ, ಹುಲಿಯಂಗಿದ್ದೋನು, ನಡೆಸ್ಲಾ ಸಾಕಾ?" ಮತ್ತೆ ತಂದೆ: "ಸಾಕು."

ಪ್ರತಿ ಸಲ ಈ "ಸಾಕು" ಬಂದಾಗ ಮದುವೆ ಮನೆಗಳಲ್ಲಿ ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೋಮಶೇಖರಪ್ಪನ ಆ ಕತ್ತರಿ ಹಾಕಿದಂಥ "ಸಾಕು" ಅಷ್ಟು ಹುಬೇಹೂಬು. ಈಗ ವಿಶ್ವನೂ ನಕ್ಕ. ತನುಜಾಳೇ ನಗಲಿಲ್ಲ. ಕೊಬ್ಬರಿ ಬಟ್ಟಲೊಂದನ್ನು ಮೆಟ್ಟಿದ್ದೂ ಗೊತ್ತಾಗದೆ ನಿಂತುಬಿಟ್ಟಳು.

"ವಿಶ್ವಾ, ನಮ್ಮಪ್ಪ ಯಾವಾಗಲೂ ಅಲ್ಲೇ ಯಾಕೆ ಸಾಕು ಅಂತಾರೆ?"

"ಹೊಟ್ಟೆ ಹಸಿದಿರುತ್ತೆ."

"ಅಲ್ಲ ಕಣೋ. ನಾನು ಕೇಳ್ದಾಗಿಂದ್ಲೂ ಕಲ್ಲಪ್ಪನ ಹತ್ರಾನೇ. ನಮ್ಮ ಮುತ್ತಾತನ ಅಪ್ಪ ಯಾರು ಅಂತ ನಂಗೇ ಗೊತ್ತಿಲ್ಲ. ಮಕ್ಕಳಿಗೆ ವಂಶವೃಕ್ಷ ಬರ್ಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಡ್ತೀನಿ. ನಮ್ಮದು ಕಲ್ಲಪ್ಪನ ಹತ್ರ ಮೋಟುಮರ."

ವಿಶ್ವ, "ಹೆಳವನ ಬಾಯಲ್ಲಿ ಬೇರೆ ಬೆಡಗು ಬಂದ್ರೆ ಒಪ್ತೀಯಾ ಅಂತ ಅಜ್ಜೀನ ಕೇಳ್ಲಾ?" ಎಂದ. ಕೇಳಿ ಬಂದು ಅಜ್ಜಿಯ ಮಾತನ್ನು ಹಾಗೇ ಒಪ್ಪಿಸಿದ: "ಹೆಳವನ ಬಾಯಲ್ಲಿ ಬರ್ಲಿ, ನನ್ನ ಕಿವಿಗೇ ಬೀಳ್ಲಿ. ಅಮಾವಾಸ್ಯೆ ಕಳೀತಿದ್ದಂಗೆ ಬೀರೂರಿನ ಹೆಣ್ಣು ನೋಡೋಕೆ ಹೋಗ್ತೀವಿ."

ಅಮಾವಾಸ್ಯೆಗೆ ಬಹಳ ದಿನ ಉಳಿದಿರಲಿಲ್ಲ.

ಕೆಳಗೆ ಅಡುಗೆಮನೆಯಲ್ಲಿ ತಾಯಿ ಮಲ್ಲಿಕಾಂಬ ಹುಚ್ಚೆಳ್ಳು ಚಟ್ನಿ ರುಬ್ಬಿ, ರೊಟ್ಟಿ ಬಡಿಸುತ್ತಿದ್ದಳು. ಸೋಮಶೇಖರಪ್ಪ ಮಣೆಯ ಮೇಲೆ ಕೂತಿದ್ದ. ತನುಜಾ ನಿಂತೇ ರೊಟ್ಟಿ ಮುರಿಯುತ್ತ ಕೇಳಿಯೇಬಿಟ್ಟಳು.

"ಅಪ್ಪಾ, ಕಲ್ಲಪ್ಪಜ್ಜನ ಅಪ್ಪ ಯಾರು?"

ರೊಟ್ಟಿ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. "ಯಾಕೆ?"

"ಹೆಳವಜ್ಜನ್ನ ಕರ್ಸಿ ಕೇಳೋಣ. ನಾವು ಎಳ್ಳಿನೋರು ಹೌದೋ ಅಲ್ವೋ ಅಂತ."

"ಹೌದಮ್ಮಾ. ಅದ್ರಲ್ಲಿ ಕೇಳೋದೇನಿದೆ?"

"ಹಂಗಾದ್ರೆ ಅಲ್ಲಿಗೇ ಯಾಕೆ ಸಾಕು ಅಂತೀರಾ?"

ಮಲ್ಲಿಕಾಂಬ ತಲೆಯೆತ್ತಿ ಗಂಡನನ್ನು ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಸೋಮಶೇಖರಪ್ಪ ನೀರು ಕುಡಿದು, ಲೋಟ ಕೆಳಗಿಟ್ಟು, ಅದರ ಅಂಚು ಒರೆಸಿದ.

"ನಮ್ಮಪ್ಪ ಹೇಳ್ಕೊಟ್ಟಿದ್ದು. ಕಲ್ಲಪ್ಪ ಅಂತಿದ್ದಂಗೆ ಸಾಕು ಅನ್ನು, ಆಚೇದು ನಿಂಗೆ ಬ್ಯಾಡ, ಕೇಳಿಸ್ಕೊಂಡ್ರೆ ಈ ಜಗಲಿ ಮೇಲೆ ಕೂರೋಕಾಗಲ್ಲ ಅಂದ್ರು. ನಾನು ಕೇಳ್ಲಿಲ್ಲ. ಅನ್ನು ಅಂದ್ರು, ಅಂದೆ."

"ನಾನು ಕೇಳ್ತೀನಿ."

"ಕೇಳ್ಬ್ಯಾಡ."

ಜಗಲಿ ಎಂದರೆ ಏನೆಂದು ಊರಲ್ಲಿ ಎಲ್ಲರಿಗೂ ಗೊತ್ತು. ಅವರ ಕೇರಿಯಲ್ಲಿ ಯಾರ ಮನೆಯ ವೀಳ್ಯಶಾಸ್ತ್ರವಾದರೂ ಮೊದಲ ವೀಳ್ಯ ಹಿರೇಮನೆಯ ಹಿರಿಯನ ಕೈಗೆ. ಅವನು ಎಲೆಯಡಿಕೆ ಕಣ್ಣಿಗೊತ್ತಿಕೊಂಡು "ಕುಲ ಒಪ್ಪಿದೆ" ಅನ್ನಬೇಕು. ಆಮೇಲೇ ಬೀಗರು ಮಿಸುಕಬೇಕು. ಹಿರೇಮನೆ ಸೋಮಶೇಖರಪ್ಪನದು. ಒಂದೇ ಗೋಡೆಯ ಆಚೆಗಿರುವ ಕಿರೇಮನೆ ದಾಯಾದಿ ರೇವಣಪ್ಪನದು. ಕಲ್ಲಪ್ಪನೂ ರೇವಣಪ್ಪನ ತಾತ ನಂಜಪ್ಪನೂ ಅಣ್ಣತಮ್ಮಂದಿರೆಂದೂ, ಅಣ್ಣನ ಸಂತಾನಕ್ಕೆ ಮೊದಲ ಎಲೆಯೆಂದೂ ಎಲ್ಲರೂ ನಂಬಿದ್ದರು. ಹೊಲ ತೋಟಗಳೆಲ್ಲ ತಾತಂದಿರ ಕಾಲಕ್ಕೇ ಪಾಲಾಗಿ ಖಾತೆಯೂ ಆಗಿತ್ತು, ಅದರಲ್ಲಿ ತಕರಾರಿಲ್ಲ. ಪಾಲಾಗದೆ ಉಳಿದದ್ದು ಆ ಎಲೆ ಒಂದೇ. ಅದರ ದೆಸೆಯಿಂದ ಸೋಮಶೇಖರಪ್ಪ ವಯಸ್ಸಿನಲ್ಲಿ ಹಿರಿಯನಾದ ರೇವಣಪ್ಪನನ್ನು "ಲೇ ರೇವಣ" ಎಂದೇ ಕೂಗುತ್ತಿದ್ದ. ರೇವಣಪ್ಪ ಹಲ್ಲು ಕಚ್ಚಿ "ಏನಣ್ಣ" ಎನ್ನುತ್ತಿದ್ದ.

"ಹುಚ್ಚು ನಿಂದು, ಎಳ್ಳು ನಿಮ್ಮಪ್ಪಂದು, ಅರೆಯೋಳು ಮಾತ್ರ ನಾನು," ಎಂದು ಗೊಣಗಿದ ಮಲ್ಲಿಕಾಂಬ ಚಟ್ನಿಯ ಬಟ್ಟಲನ್ನು ಇಬ್ಬರ ನಡುವೆ ಕುಕ್ಕಿದಳು.

ತನುಜಾಗೆ ಆ ರಾತ್ರಿ ಹಾಸಿಗೆ ಮುಳ್ಳಾಯಿತು. ಬೆಳಗ್ಗೆ ಶಾಲೆಗೆ ರಜೆ ಹಾಕಿ ಕಡೂರಿನ ಬಸ್ಸು ಹತ್ತಿದಳು. ಅಲ್ಲಿಂದ ಬೀರೂರು, ಅಲ್ಲಿಂದ ಅಜ್ಜಂಪುರ. ಬಸ್ಸು ನಿಂತಲ್ಲೆಲ್ಲ ಇಳಿದು ಹತ್ತುತ್ತಿದ್ದವಳನ್ನು ನೋಡಿ ಕಂಡಕ್ಟರು, "ಏನಮ್ಮಾ, ಟಿಕೆಟ್ ತಗೊಂಡಿರೋದು ಕೂರೋಕೆ," ಎಂದ. "ಸೀಟಿಗೆ ತಗೊಂಡಿದ್ದೀನಿ, ಕಾಲಿಗೆ ತಗೊಂಡಿಲ್ಲ," ಎಂದಳು.

ಅಜ್ಜಂಪುರದಲ್ಲಿ ವಿಶ್ವ ಅಂಗಡಿಯ ಶಟರ್ ಎಳೆದು ಬೈಕು ತಂದಿದ್ದ. ಹೆಳವರ ಬಿಡಾರ ತರೀಕೆರೆ ರಸ್ತೆಯಲ್ಲಿ ಕೆರೆ ಏರಿಯ ಕೆಳಗೆ ಇದೆಯೆಂದು ಯಾರೋ ಹೇಳಿದ್ದರು. ಅಲ್ಲಿ ಬಿಡಾರವಿರಲಿಲ್ಲ. ಮೂರು ಕಲ್ಲಿನ ಒಲೆ, ಬೂದಿ, ಹರಿದ ಟಾರ್ಪಾಲು. ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು ಮುಂದಿನ ಕೆರೆ ತೋರಿಸಿದಳು. ಮುಂದಿನ ಕೆರೆಯವರು ಹಿಂದಿನ ಊರು ತೋರಿಸಿದರು. ಊರಿನವರು, ಅವನು ಈಗ ತಾನೆ ಗಾಡಿ ಪಂಕ್ಚರ್ ಹಾಕಿಸಲು ಹೋದನೆಂದರು.

"ವಂಶದ ಬೇರು ಹುಡುಕೋದು ಅಂದ್ರೆ ಇಷ್ಟು ಅಲೆಸುತ್ತೆ ಅಂತ ಗೊತ್ತಿರ್ಲಿಲ್ಲ," ಎಂದ ವಿಶ್ವ.

"ನಿನ್ನ ಕಸುಬೇ ಕಣೋ. ಇದೂ ರಿವೈಂಡಿಂಗೇ. ಎಲ್ಲಿ ಸುಟ್ಟಿದೆ ಅಂತ ಬಿಚ್ಚಿ ನೋಡ್ಬೇಕು."

ಹನುಮಂತಪ್ಪ ಪಂಕ್ಚರ್ ಅಂಗಡಿಯ ಮುಂದೆ ಮೊಪೆಡ್ಡಿನ ಮೇಲೆ ಕೂತಿದ್ದ. ಹಿಂದಿನ ಚಕ್ರ ಬಿಚ್ಚಿ, ಗಾಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದರೂ ಇಳಿದಿರಲಿಲ್ಲ. ಹೆಳವ ವಂಶ ಹೇಳುವಾಗ ಎತ್ತಿನ ಮೇಲಿಂದ ನೆಲಕ್ಕೆ ಕಾಲಿಡಬಾರದೆಂಬುದು ಅವರ ಕಟ್ಟಳೆ. ಎತ್ತು ಹೋಗಿ ಮೊಪೆಡ್ ಬಂದರೂ ಕಟ್ಟಳೆ ಹೋಗಿರಲಿಲ್ಲ. ಅದು ಹೇಳದೆ ಇರುವಾಗಲೂ ಮೈಗೆ ಹತ್ತಿಬಿಟ್ಟಿತ್ತು. ಹ್ಯಾಂಡಲಿಗೆ ಎತ್ತಿನ ಗಂಟೆ ಕಟ್ಟಿದ್ದ. ದಪ್ಪ ಮೀಸೆ, ಕೆಂಪು ರುಮಾಲು, ಕೆರೆಯಷ್ಟು ಅಗಲದ ದನಿ.

"ಓಹೋ, ಪಂಚನಳ್ಳಿ ಹಿರೇಮನೆ ಮಗ ಅಲ್ಲವ್ವಾ ನೀನು? ಚಿಕ್ಕೋಳಿದ್ದಾಗ ನನ್ನ ಮುಂದೇನೇ ನನ್ನ ಅಣಕಿಸ್ತಿದ್ದೆ."

"ಮಗಳು ಕಣಜ್ಜ."

"ನಮ್ಮ ಹಾಡಲ್ಲಿ ಮಗಳು ಬರಲ್ಲ ತಾಯೀ. ಅದ್ಕೇ ಬಾಯಿ ತಪ್ತು."

ತನುಜಾ ವಿಷಯ ಹೇಳಿದಳು. ಕಲ್ಲಪ್ಪನ ಅಪ್ಪ ಯಾರೆಂದು ಇಲ್ಲೇ ಹೇಳಿಬಿಡು ಎಂದಳು. ಹನುಮಂತಪ್ಪ ತಲೆ ಅಲ್ಲಾಡಿಸಿದ. ಗಂಟೆಯೂ ಅಲ್ಲಾಡಿತು.

"ಮನೆ ಮುಂದೆ ಹೇಳ್ಬೇಕು, ಮೊರದಲ್ಲಿ ದವಸ ಇಟ್ಟು, ಮನೆ ಹಿರೀಕ ನಡೆಸು ಅಂದ್ರೇನೇ. ರಸ್ತೇಲಿ ಹೇಳಿದ್ರೆ ಅದು ಚಾಡಿ ಆಗುತ್ತೆ."

ತನುಜಾಗೆ ಕಿಡಿಗೇಡಿ ಬುದ್ಧಿ ಹೊಳೆಯಿತು. ಎದುರಿಗೇ ನಿಂತು, ಅವನದೇ ದನಿ ತೆಗೆದು ರಾಗವಾಗಿ ಶುರುಮಾಡಿದಳು. ಸೋಮಶೇಖರಪ್ಪನ ಹೆತ್ತೋನು ಬಸವಯ್ಯ... ಪಂಕ್ಚರಿನವನು ಕೈಯಲ್ಲಿದ್ದ ಟ್ಯೂಬು ಬಿಟ್ಟು ಬಾಯಿ ತೆರೆದ. ಮುದುಕನ ಕಣ್ಣು ಅರೆಮುಚ್ಚಿತು, ತಲೆ ತೂಗಿತು, ತುಟಿ ತಾನಾಗಿ ಆಡತೊಡಗಿತು. "ಬಸವಯ್ಯನ ಹೆತ್ತೋನು ಕಲ್ಲಪ್ಪ, ಹುಲಿಯಂಗಿದ್ದೋನು..." ಎಂದು ತಂದು, ತನುಜಾ ಅಲ್ಲಿ ಬೇಕೆಂತಲೇ ಉಸಿರು ಕಟ್ಟಿ ನಿಲ್ಲಿಸಿದಳು, ಜಾರುಬಂಡೆಯ ತುದಿಗೆ ತಂದು ಕೈಬಿಟ್ಟ ಹಾಗೆ.

"ಕಲ್ಲಪ್ಪನ..." ಎಂದ ಹನುಮಂತಪ್ಪ. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ನಕ್ಕ, ಕೆಮ್ಮು ಬರುವಷ್ಟು ನಕ್ಕ. "ಕಳ್ಳಿ! ಇನ್ನೊಂದು ಗಳಿಗೇಲಿ ನನ್ನ ಕಸುಬನ್ನೇ ಕದ್ದುಬಿಡ್ತಿದ್ದಲ್ಲೇ!"

ನಗು ನಿಂತ ಮೇಲೆ ಅವನ ಮುಖ ಬೇರೆಯಾಯಿತು.

"ನೋಡವ್ವಾ, ಬತ್ತೀನಿ. ಕರೆದ ಮನೆಗೆ ಬರಲ್ಲ ಅನ್ನೋ ಹಂಗಿಲ್ಲ. ಆದ್ರೆ ನಿಮ್ಮಪ್ಪ ಸಾಕು ಅಂದ್ರೆ ನಂಗೂ ಸಾಕು. ನಡೆಸು ಅಂದ್ರೆ ನಡೆಸ್ತೀನಿ. ಕೇಳಿಸ್ಕೊಂಡಾದ್ಮೇಲೆ ಕೇಳಿಸ್ಲಿಲ್ಲ ಅನ್ನೋಕಾಗಲ್ಲ. ಮನೆಯೋರಿಗೆಲ್ಲ ಕೇಳುತ್ತೆ, ಗೋಡೆ ಆಚೆಯೋರಿಗೂ ಕೇಳುತ್ತೆ. ನನ್ನ ದನಿ ಅಂಥದು."

ಸೋಮವಾರ ಬರುವುದೆಂದಾಯಿತು. ಅಪ್ಪನನ್ನು ಕೇಳದೆ ದಿನ ಗೊತ್ತುಮಾಡಿ ಬಂದವಳು ಮನೆಯಲ್ಲಿ ಅದನ್ನು ಹೇಳಲು ಒಂದು ದಿನವೆಲ್ಲ ಒಳಹೊರಗೆ ತಿರುಗಿದಳು. ಕೊನೆಗೆ ಸೋಮಶೇಖರಪ್ಪ ತೋಟಕ್ಕೆ ಹೊರಟಾಗ ಬೆನ್ನುಬಿದ್ದು ಹೇಳಿದಳು. ಅವನು ತೆಂಗಿನ ಬುಡದ ಡ್ರಿಪ್ ಪೈಪನ್ನು ಕಾಲಲ್ಲಿ ಸರಿಸುತ್ತ ಕೇಳಿಸಿಕೊಂಡ.

"ಕರ್ದಿದ್ದೀಯ. ಬರ್ಲಿ. ಊಟ ಮಾಡ್ಲಿ, ರಾಗಿ ಕೊಡೋಣ. ಕಲ್ಲಪ್ಪನ ಹತ್ರ ಸಾಕು ಅಂತೀನಿ, ಅಷ್ಟೇ."

"ಅಪ್ಪಾ, ನಿಮ್ಗೆ ಆ ಎಲೆ ದೊಡ್ಡದಾ, ನಾನು ದೊಡ್ಡೋಳಾ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎಲ್ಲರ ದನಿಯಲ್ಲೂ ಮಾತಾಡಿ ನಗಿಸಿದವಳು ತನ್ನ ಸ್ವಂತ ದನಿಯಲ್ಲಿ ಆಡಿದ ಮಾತು ಅಪ್ಪನ ಮುಖದ ಮೇಲೆ ಏಟಿನಂತೆ ಬಿದ್ದದ್ದು ಕಾಣಿಸಿತು.

"ನಾನೇನು ದೊಡ್ಡ ಓದು ಓದಿಲ್ಲ," ಎಂದ ಸೋಮಶೇಖರಪ್ಪ. "ಸಂತೇಲಿ ನಾನೊಬ್ಬ ಕೊಬ್ಬರಿ ಸೋಮಣ್ಣ. ಆ ಜಗಲಿ ಮೇಲೆ ಕೂತಾಗ ಮಾತ್ರ ನಾನೊಬ್ಬ ಮನುಷ್ಯ ಅನ್ಸುತ್ತೆ. ಅದನ್ನ ನಿಂಗೆ ಹೆಂಗೆ ಹೇಳ್ಲಿ?" ಪೈಪಿನ ತೂತಿನಿಂದ ನೀರು ತೊಟ್ಟಿಕ್ಕತೊಡಗಿತು. ಅವನು ಅದನ್ನೇ ನೋಡುತ್ತ ನಿಂತ. ತನುಜಾಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಸೋಮವಾರ ಗಂಟೆಯ ಸದ್ದು ಕೇರಿಯ ತುದಿಯಲ್ಲಿ ಕೇಳಿದೊಡನೆ ಜನ ಸೇರಿದರು. ಹನುಮಂತಪ್ಪ ಮೊಪೆಡ್ಡನ್ನು ಜಗಲಿಯ ಮುಂದೆ ತಂದು, ಸ್ಟ್ಯಾಂಡ್ ಹಾಕಿಸಿಕೊಂಡು, ಕಾಲು ಮೇಲೆತ್ತಿ ಪದ್ಮಾಸನದ ಹಾಗೆ ಕೂತ. ವಿಶ್ವ ಕಾರಿನಲ್ಲಿ ಮೀನಾಕ್ಷಮ್ಮನನ್ನು ಕರೆತಂದ. ಆಕೆ ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ. ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು, ಕಿವಿಯ ಮೇಲಿನ ಸೆರಗು ಸರಿಸಿ, "ಶುರು ಆಗ್ಲಿ, ನಾನು ಕೇಳೋಕೆ ಬಂದಿರೋದು, ಉಣ್ಣೋಕಲ್ಲ," ಎಂದಳು. ಗೋಡೆಯಾಚೆಯಿಂದ ರೇವಣಪ್ಪನೂ ಅವನ ಮಗ ಮೋಹನನೂ ಬಂದು ಜಗಲಿಯ ಕೆಳಗೆ ನಿಂತರು. ಮೇಲೆ ಹತ್ತುವ ರೂಢಿ ಅವರಿಗಿರಲಿಲ್ಲ.

ಮಲ್ಲಿಕಾಂಬ ಮೊರದ ತುಂಬ ರಾಗಿ ತಂದಿಟ್ಟಳು. ಸೋಮಶೇಖರಪ್ಪ ಜಗಲಿಯ ನಡುವೆ ಕೂತು ಮೊರದ ಮೇಲೆ ಬಲಗೈ ಇಟ್ಟ. ತನುಜಾ ಬಾಗಿಲ ಕಂಬ ಹಿಡಿದು, ಬಿಟ್ಟು, ಮತ್ತೆ ಹಿಡಿದಳು.

"ಕೇಳಪ್ಪಾ ಕೇಳು, ಎಳ್ಳಿನ ಹಿರೇಮನೆ ಜಗಲಿಯ ಧಣೀ ಕೇಳು! ಸೋಮಶೇಖರಪ್ಪನ ಹೆತ್ತೋನು ಬಸವಯ್ಯ, ಬರದಲ್ಲೂ ಬಾಗಿಲು ಮುಚ್ಚದೋನು. ನಡೆಸ್ಲಾ ಸಾಕಾ?"

"ನಡೆಸು."

"ಬಸವಯ್ಯನ ಹೆತ್ತೋನು ಕಲ್ಲಪ್ಪ, ಹುಲಿಯಂಗಿದ್ದೋನು. ನಡೆಸ್ಲಾ ಸಾಕಾ?"

ಯಾರೋ ಕೆಮ್ಮಿದರು. ಮೋಹನ ಆಗಲೇ ನಗಲು ತಯಾರಾಗಿದ್ದ, ತನುಜಕ್ಕನ ಪ್ರದರ್ಶನದಲ್ಲಿ ಇದೇ ನಗುವ ಜಾಗ. ಸೋಮಶೇಖರಪ್ಪನ ಬಾಯಿ ತೆರೆಯಿತು. ಮಾತು ಹೊರಗೆ ಬರಲಿಲ್ಲ. ರಾಗಿಯೊಳಗೆ ಅವನ ಬೆರಳುಗಳು ಇಳಿಯುತ್ತಿದ್ದವು.

ತನುಜಾಗೆ ಗಂಟಲಲ್ಲಿ ಏನೋ ಏಳುತ್ತಿರುವುದು ತಿಳಿಯಿತು. ಅಪ್ಪನ ದನಿ. ಆ ಗಡಸು, ಆ ತೂಕ, ಕೊನೆಯಲ್ಲಿ ಚೂರು ಮೂಗು, ಎಲ್ಲ ಸಿದ್ಧವಾಗಿತ್ತು. ಎಲ್ಲರ ಕಣ್ಣು ಹೆಳವನ ಮೇಲಿದೆ, ಅವಳು ಅಪ್ಪನ ಬೆನ್ನ ಹಿಂದೆಯೇ ಇದ್ದಾಳೆ. "ನಡೆಸು" ಎಂದುಬಿಟ್ಟರೆ ಯಾರಿಗೂ ಗೊತ್ತಾಗದು. ಹನುಮಂತಪ್ಪ ಶುರುಮಾಡಿದರೆ ನಿಲ್ಲುವವನಲ್ಲ. ಅಪ್ಪನೂ ಆಮೇಲೆ ಅಲ್ಲವೆನ್ನಲಾರ. ಒಂದೇ ಒಂದು ಮಾತು.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನಡೆಸ್ಲಾ, ಸಾಕಾ?" ಹೆಳವ ಎರಡನೆಯ ಸಲ ಕೇಳಿದ.

ಸೋಮಶೇಖರಪ್ಪ ಮೊರದಿಂದ ಕೈ ತೆಗೆದ. ರಾಗಿ ಬೆರಳ ಸಂದಿಯಿಂದ ಉದುರಿತು. ತಿರುಗಿ ಮಗಳನ್ನು ನೋಡಲಿಲ್ಲ.

"ನಡೆಸು," ಎಂದ.

ಹನುಮಂತಪ್ಪನ ದನಿ ಕೆಳಗಿಳಿಯಿತು. ಇಷ್ಟು ಕಾಲ ಬಾಯಿಗೆ ಬಾರದಿದ್ದ ಸಾಲುಗಳು, ಅವನ ಅಪ್ಪನಿಂದ ಅವನಿಗೆ ಬಂದು ಒಳಗೇ ಕೂತಿದ್ದಂಥವು, ಈಗ ಮೆಲ್ಲಗೆ ಎದ್ದು ಬಂದವು. ಕಲ್ಲಪ್ಪನ ಹೆತ್ತೋನು ತರೀಕೆರೆ ಸೀಮೆ ಹೊನ್ನೇಮರದಹಳ್ಳಿಯ ಈರಪ್ಪ, ನೆಲ್ಲಿ ಬೆಡಗಿನೋನು. ಪಂಚನಹಳ್ಳಿ ಎಳ್ಳಿನ ಮನೆಯ ಗುರಪ್ಪನಿಗೆ ದೊಡ್ಡವಳು ನಾಗಮ್ಮ, ಕಡೆಯವನು ನಂಜಪ್ಪ. ನಾಗಮ್ಮನ ಕೈಹಿಡಿದು ಮನೆ ಅಳಿಯನಾಗಿ ಬಂದೋನು ಕಲ್ಲಪ್ಪ. ನಂಜಪ್ಪ ತೊಟ್ಟಿಲಲ್ಲಿದ್ದಾಗ ಗುರಪ್ಪ ಕಣ್ಮುಚ್ಚಿದ. ಕೂಸು ಬೆಳೆಯೋ ತನಕ ಎಲೆ ನೀನು ಹಿಡಿ ಅಂತ ಕುಲದೋರು ಕಲ್ಲಪ್ಪನ ಕೈಗೆ ಕೊಟ್ಟರು. ಕೂಸು ಬೆಳೀತು, ಎಲೆ ಕೈ ಬದಲಾಗ್ಲಿಲ್ಲ.

ಗಂಟೆ ಒಂದು ಸಲ ಅಲ್ಲಾಡಿ ಸುಮ್ಮನಾಯಿತು.

ಮೊದಲು ಮಾತು ಬಂದದ್ದು ಮೀನಾಕ್ಷಮ್ಮನಿಗೆ. "ಅಪ್ಪ ನೆಲ್ಲಿ ಅಂದ್ಮೇಲೆ ಮಕ್ಕಳೂ ನೆಲ್ಲಿ. ಈ ಹೆಣ್ಣು ಎಳ್ಳಲ್ಲ. ಸೈ!" ಎಂದವಳೇ, "ಯಾರಾದ್ರೂ ನೀರು ಕೊಡ್ರಮ್ಮಾ, ಬೆಳಗ್ಗಿಂದ ಗಂಟಲು ಒಣಗಿದೆ," ಎಂದಳು.

ಮಲ್ಲಿಕಾಂಬ ಹೌಹಾರಿದಳು. "ಅಯ್ಯೋ ಶಿವನೇ! ಹನುಮಂತಪ್ಪಾ, ನನ್ನ ತೌರು ನೆಲ್ಲಿ ಅಲ್ಲ ತಾನೆ?"

"ನೀವು ಬೇವಿನೋರು ಕಣವ್ವಾ. ಹೆದರ್ಕೋಬ್ಯಾಡಿ, ಸಂಸಾರ ಕೆಟ್ಟಿಲ್ಲ."

"ಅದ್ಕೇ ಅಷ್ಟು ಕಹಿ," ಎಂದು ಯಾರೋ ಹಿಂದಿನಿಂದ ಅಂದರು. ಜನ ನಕ್ಕರು. ಸೋಮಶೇಖರಪ್ಪ ನಗಲಿಲ್ಲ. ಎದ್ದು, ಹೆಗಲ ಮೇಲಿನ ಟವಲಿನಿಂದ ತಾನು ಕೂತಿದ್ದ ಜಾಗ ಒರೆಸಿ, ಜಗಲಿ ಇಳಿದು, ರೇವಣಪ್ಪನ ಮುಂದೆ ಹಾದು ತೋಟದ ಕಡೆ ನಡೆದ. ರೇವಣಪ್ಪ ಮಗನ ರಟ್ಟೆ ಹಿಡಿದುಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ತನುಜಾಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕ ಮೇಲೂ ಕಾಲು ನೆಲ ಕಾಣಲಿಲ್ಲ. ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಯಿತು. ಆದರೆ ಅವತ್ತು ಮೊದಲ ಎಲೆ ಹಿಡಿದು "ಕುಲ ಒಪ್ಪಿದೆ" ಅನ್ನಬೇಕಾದವನು ಈಗ ನಂಜಪ್ಪನ ಮೊಮ್ಮಗ ರೇವಣಪ್ಪ. ಅವನು ಅನ್ನದಿದ್ದರೆ? ಮೀನಾಕ್ಷಮ್ಮ ಆ ಮಾತಿಲ್ಲದ ಹೆಣ್ಣನ್ನು ತರುವವಳಲ್ಲ. ಗೋಡೆಯಾಚೆಯಿಂದ ಸದ್ದಿಲ್ಲ. ಬಾವಿಯ ಹತ್ತಿರ ಮೋಹನ ಸಿಕ್ಕರೆ ತಲೆ ತಗ್ಗಿಸಿ ಓಡುತ್ತಿದ್ದ. ಒಂದು ದಿನ ಅಡ್ಡಗಟ್ಟಿ ಕೇಳಿದಳು.

"ಏನೋ, ಮಾತಾಡೋಕೂ ಆಗದಂಥದ್ದು ನಾನೇನ್ ಮಾಡ್ದೆ?"

"ಅಕ್ಕಾ, ಅಪ್ಪ ಅಂತಿದೆ, ಈಗ ನಾವಿಬ್ರೂ ದಾಯಾದಿಗಳಲ್ಲ, ಮದುವೆ ಆಗೋ ವರಸೆ ಆಗುತ್ತಂತೆ. ನಾನು ನಿನ್ನ ಅಕ್ಕ ಅನ್ನೋ ಹಂಗಿಲ್ವಂತೆ."

"ಮತ್ತೇನಂತೀಯ?"

"ಅದೇ ಗೊತ್ತಾಗ್ದೆ ಓಡ್ತಿರೋದು," ಎಂದು ಬಿಂದಿಗೆ ಅಲ್ಲೇ ಬಿಟ್ಟು ಓಡಿದ.

ಸೋಮಶೇಖರಪ್ಪ ಜಗಲಿಯ ಮೇಲೆ ಕೂರುವುದನ್ನೇ ಬಿಟ್ಟ. ಒಳಗಿದ್ದರೆ ಹೊರಗೆ, ಹೊರಗಿದ್ದರೆ ತೋಟಕ್ಕೆ. ಇಷ್ಟು ದಿನ ಮಗಳಿಗಿದ್ದ ಚಡಪಡಿಕೆ ಅಪ್ಪನಿಗೂ ಅಂಟಿತ್ತು. ತೋಟದಲ್ಲಿ ಒಬ್ಬರನ್ನೊಬ್ಬರು ಹಾದುಹೋಗುವಾಗ ಇಬ್ಬರೂ ದಾರಿ ಬಿಡುತ್ತಿದ್ದರು.

ವೀಳ್ಯಶಾಸ್ತ್ರದ ದಿನ ಅಂಗಳದಲ್ಲಿ ಚಾಪೆ ಹಾಸಿ, ತಟ್ಟೆಯಲ್ಲಿ ಎಲೆಯಡಿಕೆ ಜೋಡಿಸಿ ಆಗಿತ್ತು. ಅಜ್ಜಂಪುರದವರು ಬಂದು ಕೂತಾಗಿತ್ತು. ಅಯ್ಯನವರು ಮುಹೂರ್ತ ಮೀರುತ್ತದೆಂದು ಕೈಗಡಿಯಾರ ನೋಡುತ್ತಿದ್ದರು. ಜಗಲಿಯ ನಡುವಿನ ಜಾಗ ಖಾಲಿ. ರೇವಣಪ್ಪ ಬಂದಿರಲಿಲ್ಲ. ಹೊಸ ಸೀರೆಯಲ್ಲಿ ಕೂತಿದ್ದ ತನುಜಾ ಎರಡು ಸಲ ಎದ್ದಳು. ಮಲ್ಲಿಕಾಂಬ ಎರಡು ಸಲವೂ ಸೆರಗು ಜಗ್ಗಿ ಕೂರಿಸಿದಳು.

ಕೊನೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಜಗಲಿಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು, ಹತ್ತಿ ನಡುವೆ ಕೂತ. ಸೋಮಶೇಖರಪ್ಪ ತಾನೇ ತಟ್ಟೆ ಎತ್ತಿಕೊಂಡು ಹೋಗಿ ಚಾಚಿದ. ರೇವಣಪ್ಪ ಕೈ ನೀಡಲಿಲ್ಲ.

"ಒಂದು ಮಾತು ಬಾಕಿ ಇದೆ," ಎಂದ.

ವಿಶ್ವನ ಮುಖ ಸುಟ್ಟ ಮೋಟರಿನ ಬಣ್ಣಕ್ಕೆ ತಿರುಗಿತು.

"ಲೆಕ್ಕದಲ್ಲಿ ಈ ಹೆಣ್ಣು ನನ್ನ ಮಗನಿಗೆ ಆಗೋ ವರಸೆ. ನಮ್ಮನ್ನ ಕೇಳ್ದೆ ಹೊರಗೆ ಕೊಡೋ ಹಂಗಿಲ್ಲ. ಹೌದೋ ಅಲ್ವೋ?"

"ಅಪ್ಪಾ!" ಎಂದು ಮೋಹನ ಬಾಗಿಲ ಹತ್ತಿರ ಬೆಚ್ಚಿದ. "ಅಕ್ಕ ಕಣಪ್ಪಾ ಅವ್ಳು, ನಂಗೆ ಹೊಡ್ದು ಮಗ್ಗಿ ಕಲಿಸಿದ್ದಾಳೆ!"

"ಸುಮ್ನಿರೋ. ನಿನ್ನ ಯಾರೂ ಕೇಳ್ಲಿಲ್ಲ." ರೇವಣಪ್ಪನ ಕಣ್ಣು ಸೋಮಶೇಖರಪ್ಪನ ಮೇಲೇ ಇತ್ತು. "ಹೌದೋ ಅಲ್ವೋ?"

"ಹೌದು," ಎಂದ ಸೋಮಶೇಖರಪ್ಪ. "ತಪ್ಪಾಯ್ತು. ಏನು ಮಾಡ್ಬೇಕು ಹೇಳು."

"ಹುಟ್ಟಿದಾಗಿಂದ ಲೇ ಅನ್ನಿಸ್ಕೊಂಡಿದ್ದೀನಿ. ನಿನಗಿಂತ ದೊಡ್ಡೋನಾಗಿ ನಿನ್ನ ಅಣ್ಣ ಅಂದಿದ್ದೀನಿ. ಎಲೆ ಇವತ್ತು ಬಂದಿರ್ಬೋದು. ನಂಗೆ ಎಲೆ ಒಂದೇ ಸಾಲ್ದು. ಏನನ್ಬೇಕೋ ಅದನ್ನ ಅನ್ನು, ಎಲ್ಲಾರ್ಗೂ ಕೇಳೋಹಂಗೆ."

ಸೋಮಶೇಖರಪ್ಪ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದ. ಜಗಲಿ ಬಿಡುವುದು ಸುಲಭವಿತ್ತು, ಎದ್ದು ಬಂದಿದ್ದ. ಇದು ಹಾಗಲ್ಲ. ತಮ್ಮನೆಂದು ಗದರಿದವನನ್ನು ಹೆಂಡತಿಯ ಅಣ್ಣನ ಸಾಲಿನಲ್ಲಿ ಕೂರಿಸಿ ಮರ್ಯಾದೆಯಿಂದ ಕರೆಯಬೇಕು. ತನುಜಾ ಅಪ್ಪನ ತುಟಿಯನ್ನೇ ನೋಡಿದಳು. ಈ ದನಿ ಅವಳಿಗೆ ಗೊತ್ತಿರಲಿಲ್ಲ. ಇದುವರೆಗೆ ಅಪ್ಪನ ಬಾಯಿಂದ ಅದು ಬಂದೇ ಇರಲಿಲ್ಲ.

"ಭಾವ," ಎಂದ ಸೋಮಶೇಖರಪ್ಪ.

"ಕೇಳಿಸ್ಲಿಲ್ಲ."

"ಭಾವಾ, ಎಲೆ ತಗೊಳ್ಳಿ. ಮಗಳ ಕಾರ್ಯ ನಡೆಸ್ಕೊಡಿ."

ರೇವಣಪ್ಪ ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ ಎಲೆಗಳು ಒದ್ದೆಯಾದವು. ಎಲೆಗೆ ನೀರು ಚಿಮುಕಿಸಿದ್ದರು ಅಂತಲೇ ಎಲ್ಲರೂ ಅಂದುಕೊಂಡರು. "ಕುಲ ಒಪ್ಪಿದೆ!" ಎಂದು ಅವನು ಕೂಗಿದ್ದು ಗೋಡೆಯಾಚೆಯ ಅವನ ಮನೆಯಲ್ಲೂ ಮಾರ್ದನಿಸಿತು. ಅಯ್ಯನವರು ಗಡಬಡಿಸಿ ಮಂತ್ರ ಶುರುಮಾಡಿದರು. ಮೀನಾಕ್ಷಮ್ಮ ಅಡಿಕೆ ಬಾಯಿಗೆಸೆದುಕೊಂಡಳು.

ಸೋಮಶೇಖರಪ್ಪ ಖಾಲಿ ತಟ್ಟೆ ಹಿಡಿದು ಎಲ್ಲಿ ಕೂರುವುದೆಂದು ತೋಚದೆ ನಿಂತಿದ್ದ. ರೇವಣಪ್ಪ ಜಗಲಿಯ ಮೇಲೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ.

"ಏನಯ್ಯಾ ಭಾಮೈದ, ನಿಂತ್ಕೊಂಡೇ ಇರ್ತೀಯಾ? ನಮ್ಮ ಮನೆ ಹೆಣ್ಣು ನಾಗಮ್ಮನ ಮೊಮ್ಮಗ ನೀನು. ಕೂರೋಕೂ ಕರೀಬೇಕಾ?"

"ಕೂರ್ತೀನಿ ಇರು ಭಾವ," ಎಂದ ಸೋಮಶೇಖರಪ್ಪ. ಕೂತ. ಕೂತವನೇ ಮತ್ತೆ ಎದ್ದ. ಸ್ವಲ್ಪ ಈಚೆಗೆ, ಅಂಚಿಗೆ ಸರಿದು ಕೂತ. ಅಲ್ಲೂ ಸರಿಹೋಗದೆ ಪಂಚೆ ಎತ್ತಿ ಕಾಲು ಮಡಚಿದ, ಬಿಡಿಸಿದ. ಚಾಪೆಯ ಮೇಲೆ ವಿಶ್ವನ ಪಕ್ಕ ಕೂತಿದ್ದ ತನುಜಾ ಅದನ್ನು ನೋಡುತ್ತ, ಸೀರೆಯ ನಿರಿಗೆಯೊಳಗೆ ಕುಣಿಯುತ್ತಿದ್ದ ತನ್ನ ಪಾದಗಳನ್ನು ಒಂದರ ಮೇಲೊಂದಿಟ್ಟು ಒತ್ತಿ ಹಿಡಿದಳು.